ಕಗ್ಗಲೀಪುರದ ಹಳ್ಳ ಎಫ್5 ಆದ ಕಥೆ

"ಮಳೆ ಬಂದ್ರೆ ಮಾತ್ರ ಹರಿಯೋ ಹಳ್ಳಕ್ಕೆ ಬ್ಯಾಂಕ್‌ಫುಲ್ ಗೆರೆ ಎಲ್ಲಿಂದ ತರ್ತೀಯಪ್ಪಾ?" ಅಂತ ನಮ್ಮ ಹಿರಿಯರೊಬ್ಬರು ನಕ್ಕಿದ್ದರು, ಕಗ್ಗಲೀಪುರದ ಹಳ್ಳ ಯಾವ ಮಾದರಿಯದು ಅಂತ ಅಳೆಯಲು ನಾನು ಹೊರಟಾಗ. ಬ್ಯಾಂಕ್‌ಫುಲ್ ಅಂದರೆ ಹಳ್ಳ ದಡದವರೆಗೆ ತುಂಬಿ ಇನ್ನೇನು ಪಕ್ಕಕ್ಕೆ ಚೆಲ್ಲಬೇಕು ಅನ್ನೋ ಮಟ್ಟ. ಅಮೆರಿಕದ ಜಲತಜ್ಞ ರೋಸ್ಗೆನ್ 1994ರಲ್ಲಿ ಕೊಟ್ಟ, ಹೊಳೆಗಳನ್ನು ಆಕಾರ, ಇಳಿಜಾರು, ತಳ ನೋಡಿ ಅಕ್ಷರ-ಅಂಕಿಯಲ್ಲಿ ಹೆಸರಿಸೋ ವಿಂಗಡಣೆ ಅಲ್ಲಿನ ಹೊಳೆಗಳಿಗೆ ಸರಿ, ಕನಕಪುರ ರಸ್ತೆಯ ಹಳ್ಳಗಳಿಗಲ್ಲ ಅನ್ನೋದು ಅವರ ವಾದ.

ಮೊದಲು ದುಡ್ಡು ಹೋದ ಕಥೆ. ಉಪಗ್ರಹದ ಡೆಮ್, ಅಂದರೆ 30 ಮೀಟರ್ ಚೌಕಕ್ಕೊಂದರಂತೆ ನೆಲದ ಎತ್ತರ ಕೊಡೋ ನಕ್ಷೆ, ಇಟ್ಟುಕೊಂಡು ಇಳಿಜಾರು ತೆಗೆಯಲು ಕೂತೆ. ನಾಲ್ಕೂವರೆ ಮೀಟರ್ ಅಗಲದ ಹಳ್ಳ ಅದರಲ್ಲಿ ಎಲ್ಲಿ ಕಾಣಬೇಕು? ಆಮೇಲೆ ಡ್ರೋನ್ ಬಾಡಿಗೆ, ಹದಿನೆಂಟು ಸಾವಿರದ ಹತ್ತಿರ ಹೋಯಿತು, ಫೋಟೋ ತುಂಬಾ ಬರೀ ಹೊಂಗೆ ಮರದ ತಲೆ. ಕೊನೆಗೆ ಕೈಹಿಡಿದದ್ದು ಗಾರೆ ಮೇಸ್ತ್ರಿಗಳು ಮಟ್ಟ ನೋಡೋ ನೀರಿನ ಟ್ಯೂಬು. ಇನ್ನೂರು ರೂಪಾಯಿ ಇರಬೇಕು. ಒಳಗೆ ಗುಳ್ಳೆ ಉಳಿಯಬಾರದು, ಅಷ್ಟೇ. 120 ಮೀಟರಿಗೆ ಒಂದು ಮೀಟರ್ ಇಳಿತ ಸಿಕ್ಕಿತು.

ದೊಡ್ಡ ಎಡವಟ್ಟು ಬೇರೆ. ಲಂಟಾನ ಪೊದೆಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಕವರುಗಳ ಎತ್ತರವನ್ನೇ ಬ್ಯಾಂಕ್‌ಫುಲ್ ಅಂದುಕೊಂಡೆ. ಅದು ಯಾವುದೋ ದೊಡ್ಡ ಮಳೆಯ ಗುರುತು. ರೋಸ್ಗೆನ್ ಲೆಕ್ಕದಲ್ಲಿ ಗರಿಷ್ಠ ಆಳದ ದುಪ್ಪಟ್ಟು ಎತ್ತರದಲ್ಲಿ ನೀರು ಎಷ್ಟು ಅಗಲ ಹರಡುತ್ತೆ ಅಂತ ನೋಡಿ ಬ್ಯಾಂಕ್‌ಫುಲ್ ಅಗಲದಿಂದ ಭಾಗಿಸಬೇಕು, ಅದೇ ಎಂಟ್ರೆಂಚ್‌ಮೆಂಟ್. ಹಾಗೆ ಆಳವನ್ನು ದುಪ್ಪಟ್ಟು ಮಾಡಿದರೆ ಗೆರೆ ನೇರ ಪಕ್ಕದ ರಾಗಿ ಹೊಲಕ್ಕೆ ಹೋಯಿತು, ಎಂಟ್ರೆಂಚ್‌ಮೆಂಟ್ ನಾಲ್ಕು ದಾಟಿತು, ಉತ್ತರ ಬಂದಿದ್ದು 'ಇ' ಮಾದರಿ, ಅಂದರೆ ಪಕ್ಕಕ್ಕೆ ಸಲೀಸಾಗಿ ಹರಡೋ ಕಿರಿದಾದ ಹೊಳೆ. ಕೊರೆದು ಕೊರೆದು ಗುಂಡಿ ಬಿದ್ದ ಹಳ್ಳ ಹುಲ್ಲುಗಾವಲಿನ ಹೊಳೆಯಂತೆ! ಇಡೀ ಬೇಸಿಗೆಯ ಕೆಲಸ ನೀರಲ್ಲಿ ಹೋಮ.

ಆಮೇಲೆ ಕೆಳಗಿನ ಸಣ್ಣ ಮರಳು ಜಗಲಿಗಳನ್ನು ಹಿಡಿದೆ. ಯಾವ ಜಗಲಿ ನಂಬಬೇಕು, ಯಾವುದು ದನ ತುಳಿದು ಆದದ್ದು ಅಂತ ಗುರುತಿಸೋಕೆ ಒಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗರಿಷ್ಠ ಆಳ 55 ಸೆಂಟಿಮೀಟರ್, ಅಗಲಕ್ಕೂ ಸರಾಸರಿ ಆಳಕ್ಕೂ ಅನುಪಾತ 15ರ ಸುಮಾರು, ಎಂಟ್ರೆಂಚ್‌ಮೆಂಟ್ 1.2. ತಳದಲ್ಲಿ ನೂರು ಹರಳು ಎಣಿಸಿದರೆ ಎಪ್ಪತ್ತು ಬರೀ ಮರಳು. ಎಫ್5, ಬೇರೆ ಮಾತೇ ಇಲ್ಲ. ಎಫ್ ಅಂದರೆ ಕೊರೆದು ಕೆಳಗಿಳಿದ ಅಗಲದ ಹಳ್ಳ, 5 ಅಂದರೆ ಮರಳಿನ ತಳ. ಮಳೆಗಾಲ ಕಳೆದ ಮೇಲೆ ಗೆಳೆಯನೊಬ್ಬನನ್ನು ಏನೂ ಹೇಳದೆ ಇಳಿಸಿದೆ. ಅವನು ಗುರುತಿಸಿದ ಗೆರೆಗೂ ನನ್ನದಕ್ಕೂ ಬರೀ ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸ!

ಸುಮ್ನೆ ಇನ್ನೊಂದು ಆಟವನ್ನೂ ಆಡಿದೆ. ದಡದ ಪದರಗಳಲ್ಲಿ ಹೂತ ಹಾಲಿನ ಪ್ಯಾಕೆಟ್ಟುಗಳ ತಾರೀಕು ಓದುವುದು. ಪದರ ಹೆಚ್ಚುಕಮ್ಮಿ ಆ ತಾರೀಕಿನ ಆಮೇಲೆ ಬಿದ್ದಿದ್ದು, ಅಲ್ವಾ? ಮೂರು ಓದೋಕೆ ಸಿಕ್ಕವು, ಉಳಿದವುಗಳ ಮಸಿ ಹೋಗಿತ್ತು.

ಇದನ್ನು ರಾಜಕಾಲುವೆಗೆ ಹಾಕಲು ಹೋಗಬೇಡಿ. ಎರಡೂ ಕಡೆ ಕಾಂಕ್ರೀಟ್ ಗೋಡೆ, ವರ್ಷವಿಡೀ ಚರಂಡಿ ನೀರು, ಬ್ಯಾಂಕ್‌ಫುಲ್ ಎಲ್ಲಿ ಹುಡುಕ್ತೀರಿ?

ನಕ್ಕಿದ್ದ ಹಿರಿಯರು ಕಳೆದ ತಿಂಗಳು ಟ್ಯೂಬು ಒಯ್ದರು. ಇನ್ನೂ ವಾಪಸ್ ಕೊಟ್ಟಿಲ್ಲ.