ಬೀಟಾ ಪಿಕ್ಟೋರಿಸ್ ಪಕ್ಕದ ಆ ಚುಕ್ಕಿ

ಮೂರನೇ ದಿನವೂ ಪರದೆಯ ಮೇಲೆ ಗ್ರಹ ಕಾಣಲಿಲ್ಲ. ಇದ್ದದ್ದು ಬರೀ ಬೂದು ಕಲೆಗಳು.

ನನ್ನ ಹತ್ತಿರ ದೊಡ್ಡ ದೂರದರ್ಶಕ ಇಲ್ಲ. ಒಂದು ಲ್ಯಾಪ್‌ಟಾಪ್, ಪೈಥಾನ್, ಮತ್ತು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಒಂದು ಫೈಲು, ಇಷ್ಟೇ. ಚಿಲಿಯ ವಿಎಲ್‌ಟಿ ಎಂಬ ದೊಡ್ಡ ದೂರದರ್ಶಕದಲ್ಲಿದ್ದ ನಾಕೋ ಕ್ಯಾಮೆರಾ ಬೀಟಾ ಪಿಕ್ಟೋರಿಸ್ ನಕ್ಷತ್ರವನ್ನು 2013ರಲ್ಲಿ ನೋಡಿದಾಗ ತೆಗೆದ 61 ಫ್ರೇಮ್‌ಗಳು ಆ ಫೈಲಿನಲ್ಲಿದ್ದವು. ಒಂದೊಂದೂ 101×101 ಪಿಕ್ಸೆಲ್. ವಿಐಪಿ ಎಂಬ ಉಚಿತ ಪೈಥಾನ್ ಪ್ಯಾಕೇಜಿನ ಪಾಠಗಳಲ್ಲಿ ಬಳಸುವ ಡೇಟಾ ಇದು. ಗುರುಗ್ರಹದ ಸುಮಾರು ಹತ್ತು ಪಟ್ಟು ತೂಕದ ಗ್ರಹವೊಂದು ಅಲ್ಲಿದೆ ಅಂತ ಮೊದಲೇ ಗೊತ್ತಿತ್ತು. ಗೊತ್ತಿರುವುದನ್ನು ಹುಡುಕೋದು ಎಷ್ಟು ಹೊತ್ತು ಅಂದುಕೊಂಡೆ.

ಈ ಗ್ರಹ ಎಳೆಯದು. ಹುಟ್ಟಿದಾಗಿನ ಕಾವು ಇನ್ನೂ ಆರಿಲ್ಲ. ಅದಕ್ಕೇ 3.8 ಮೈಕ್ರಾನ್ ಆಸುಪಾಸಿನ ಇನ್‌ಫ್ರಾರೆಡ್‌ನಲ್ಲಿ ನೋಡುತ್ತಾರೆ. ಅಲ್ಲಿ ನಕ್ಷತ್ರ ಅದಕ್ಕಿಂತ ಸುಮಾರು 1,500 ಪಟ್ಟು ಪ್ರಕಾಶಮಾನ, ಅಷ್ಟೇ. ನಮ್ಮ ಗುರುವನ್ನು ದೂರದಿಂದ ಮಾಮೂಲಿ ಬೆಳಕಿನಲ್ಲಿ ಹುಡುಕಿದರೆ ಆ ಲೆಕ್ಕ ನೂರು ಕೋಟಿಯ ಹತ್ತಿರ ಹೋಗುತ್ತದೆ. ಅಂದರೆ ನಾನು ಕೈಹಾಕಿದ್ದು ಈ ಆಟದ ತೀರಾ ಸುಲಭದ ಹಂತಕ್ಕೆ.

ಆದರೂ ಕಷ್ಟ. ನಕ್ಷತ್ರದ ನಡುವಿನ ಬೆಳಕನ್ನು ಕೊರೋನಾಗ್ರಾಫ್ ತಡೆಯುತ್ತದೆ, ನಿಜ. ಸೋರಿ ಬಂದ ಬೆಳಕು ಸುಮ್ನೆ ಹೋಗುವುದಿಲ್ಲ. ಕನ್ನಡಿಗಳ ಸಣ್ಣ ಸಣ್ಣ ಕೊರತೆಗಳಿಂದ ಸುತ್ತಲೂ ಚುಕ್ಕಿಗಳಾಗಿ ಚೆಲ್ಲುತ್ತದೆ. ಇವೇ ಸ್ಪೆಕಲ್‌ಗಳು. ಪ್ರತಿ ಸ್ಪೆಕಲ್ಲೂ ನೋಡಲು ಗ್ರಹದ ಹಾಗೇ ಇರುತ್ತದೆ. ನಿಜವಾದ ಗ್ರಹ ಇದ್ದದ್ದು ನಡುವಿನಿಂದ 0.45 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗಕ್ಕೆ ಈ ಹೆಸರು) ದೂರ, ಸುಮಾರು 17 ಪಿಕ್ಸೆಲ್, ಈ ಸಂತೆಯ ಒಳಗೇ.

ಇವನ್ನು ಬೇರೆ ಮಾಡುವ ಉಪಾಯ ಚೆನ್ನಾಗಿದೆ. ಕನ್ನಡಕದ ಮೇಲಿನ ಕಲೆ ತಲೆ ತಿರುಗಿಸಿದರೆ ಜೊತೆಗೇ ಬರುತ್ತದೆ, ಎದುರಿನ ಮರ ಬರುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಚಿತ್ರವನ್ನು ನೇರವಾಗಿ ಹಿಡಿದಿಡುವ ಯಂತ್ರವನ್ನು ಬೇಕೆಂದೇ ಕೈಬಿಡುತ್ತಾರೆ. ಆಗ ರಾತ್ರಿ ಸಾಗಿದಂತೆ ಆಕಾಶ ಕ್ಯಾಮೆರಾದಲ್ಲಿ ತಿರುಗುತ್ತದೆ, ಸ್ಪೆಕಲ್‌ಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ನನ್ನ ಡೇಟಾದಲ್ಲಿ ಈ ತಿರುಗು 80 ಡಿಗ್ರಿ ದಾಟಿತ್ತು. ಎಲ್ಲ ಫ್ರೇಮ್‌ಗಳ ಮೀಡಿಯನ್ (ಪ್ರತಿ ಪಿಕ್ಸೆಲ್ಲಿನ ನಟ್ಟನಡುವಿನ ಬೆಲೆ) ತೆಗೆದರೆ ಸಿಗುವುದು ಸ್ಪೆಕಲ್‌ಗಳ ಚಿತ್ರ. ಅದನ್ನು ಪ್ರತಿ ಫ್ರೇಮ್‌ನಿಂದ ಕಳೆದು, ಉಳಿದದ್ದನ್ನು ಉತ್ತರ ಮೇಲೆ ಬರುವಂತೆ ತಿರುಗಿಸಿ ಸೇರಿಸಿದರೆ ಗ್ರಹ ಒಂದೇ ಕಡೆ ಕೂಡಿಕೊಳ್ಳಬೇಕು.

ಕೂಡಿಕೊಳ್ಳಲಿಲ್ಲ. ಮೂರು ದಿನ ಸೆಂಟರ್ ಸರಿಯಿಲ್ಲವೇನೋ, ಫಿಲ್ಟರ್ ಬೇಕೇನೋ ಅಂತ ಏನೇನೋ ಮಾಡಿದೆ. ಕೊನೆಗೆ ನೋಡಿದರೆ ಕೋನಗಳ ಮುಂದೆ ಒಂದು ಮೈನಸ್ ತಪ್ಪಿತ್ತು. ಎಲ್ಲವನ್ನೂ ಉಲ್ಟಾ ತಿರುಗಿಸಿ ಗ್ರಹವನ್ನು ನಾನೇ ಸವರಿ ಹಾಕಿದ್ದೆ. ಮೈನಸ್ ಹಾಕಿದೆ. ಚುಕ್ಕಿ ಬಂತು.

ಮೀಡಿಯನ್‌ನಿಂದ ಪಿಸಿಎ ಎಂಬ ಲೆಕ್ಕದ ವಿಧಾನಕ್ಕೆ ಹೋದೆ. ಇದರಲ್ಲಿ ಸ್ಪೆಕಲ್‌ಗಳ ನಮೂನೆಯನ್ನು ಕೆಲವು ಮೂಲ ಚಿತ್ರಗಳಾಗಿ ಒಡೆದು, ಅವುಗಳಿಂದ ಪ್ರತಿ ಫ್ರೇಮ್‌ನ ಹಿನ್ನೆಲೆ ಕಟ್ಟಿ ಕಳೆಯುತ್ತೇವೆ. ಮೂಲ ಚಿತ್ರ ಐದಾರು ಇದ್ದಾಗ ಗ್ರಹ ಚೆನ್ನಾಗಿ ಎದ್ದು ಬಂತು. ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು ಅಂತ 30ಕ್ಕೆ ಏರಿಸಿದೆ. ಹಿನ್ನೆಲೆ ನುಣ್ಣಗಾಯಿತು, ಗ್ರಹವೂ ಸೊರಗಿತು. ಎರಡೂ ಪಕ್ಕ ಕಪ್ಪು ರೆಕ್ಕೆಗಳು. ಕಳೆಯುವ ಚಿತ್ರದೊಳಗೆ ಗ್ರಹದ ಬೆಳಕೂ ಸೇರಿಕೊಂಡರೆ ಹೀಗೇ ಆಗುವುದು. ಅಂದದ ಚಿತ್ರಕ್ಕಾಗಿ ಈ ಸಂಖ್ಯೆ ತಿರುಚುವವರನ್ನು ನಾನು ನಂಬುವುದಿಲ್ಲ. ನಾನೂ ಒಂದು ಸಂಜೆ ಅದನ್ನೇ ಮಾಡಿದ್ದೆ.

ಚುಕ್ಕಿ ಬಂದ ಮೇಲೆಯೇ ನಿಜವಾದ ಕೆಲಸ. ಇದು ಸ್ಪೆಕಲ್ ಅಲ್ಲ ಅಂತ ಹೇಗೆ ಹೇಳೋದು? ಮೊದಲು, ಅಷ್ಟೇ ದೂರದ ಉಂಗುರದಲ್ಲಿ ಅದೇ ಗಾತ್ರದ ವೃತ್ತಗಳನ್ನು ಹಾಕಿ ಹೋಲಿಸಿದೆ. ಹಿಡಿಸಿದ್ದು ಇಪ್ಪತ್ತು ಚಿಲ್ಲರೆ ಮಾತ್ರ. ಇಷ್ಟು ಕಡಿಮೆ ಮಾದರಿ ಇದ್ದಾಗ ಚುಕ್ಕಿ ಡೇಟಾದ ಗದ್ದಲಕ್ಕಿಂತ ಎಷ್ಟು ಮೇಲಿದೆ ಅಂತ ಹೇಳುವ ಮಾಮೂಲಿ ಸಿಗ್ಮಾ ಲೆಕ್ಕ ಅತಿ ಧೈರ್ಯ ಕೊಡುತ್ತದೆ, ಕಡಿಮೆ ಮಾದರಿಗೆ ಹೊಂದುವ ಟಿ-ಹಂಚಿಕೆ ಎಂಬ ಲೆಕ್ಕ ಬಳಸಬೇಕು. ಇನ್ನೊಂದು ಪರೀಕ್ಷೆ ನನ್ನ ಹಳೇ ತಪ್ಪೇ: ಕೋನಗಳನ್ನು ಬೇಕೆಂದೇ ಉಲ್ಟಾ ಮಾಡಿ ಮತ್ತೆ ಓಡಿಸುವುದು. ಹಾಗೆ ಮಾಡಿದಾಗ ಅಷ್ಟು ಗಟ್ಟಿಯಾದ ಚುಕ್ಕಿ ಬಂದರೆ ಅದು ಗದ್ದಲವೇ, ಗ್ರಹವಲ್ಲ. ಒಂದೂ ಬರಲಿಲ್ಲ.

ಪ್ರಕಾಶ ಅಳೆಯಲು ಕೊನೆಯ ಚಿತ್ರದಿಂದ ನೇರವಾಗಿ ಎಣಿಸಿದರೆ ಕಡಿಮೆ ಬರುತ್ತದೆ, ಅರ್ಧ ಬೆಳಕನ್ನು ನಾವೇ ಕಳೆದಿರಬಹುದು. ಅದಕ್ಕೇ ಮೂಲ ಫ್ರೇಮ್‌ಗಳಿಗೇ ಋಣ ಬೆಳಕಿನ ಸುಳ್ಳು ಗ್ರಹ ಸೇರಿಸಿ, ಅದರ ಜಾಗ ಮತ್ತು ಪ್ರಕಾಶವನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ, ಕೊನೆಯ ಚಿತ್ರದಲ್ಲಿ ಚುಕ್ಕಿ ಪೂರ್ತಿ ಅಳಿಸುವವರೆಗೆ ಓಡಿಸಿದೆ. ಅಳಿಸಿದ ಆ ಅಂಕಿಯೇ ಉತ್ತರ. ಕಂಡುಹಿಡಿದ ಗ್ರಹವನ್ನು ಅಳಿಸಿ ಖುಷಿಪಡುವ ವಿಚಿತ್ರ ಕೆಲಸ.

ಆಮೇಲೆ ಎಚ್‌ಆರ್ 8799 ಎಂಬ ಇನ್ನೊಂದು ನಕ್ಷತ್ರದ ಕಚ್ಚಾ ಡೇಟಾ ಇಳಿಸಿಕೊಂಡೆ. ಅಲ್ಲಿ ನಾಲ್ಕು ಗ್ರಹಗಳಿವೆ. ಮೂರನ್ನು 2008ರಲ್ಲಿ, ತೀರಾ ಒಳಗಿನದನ್ನು 2010ರಲ್ಲಿ ಪ್ರಕಟಿಸಿದರು. ಈ ಸಲ ಕೆಟ್ಟ ಪಿಕ್ಸೆಲ್‌ಗಳನ್ನೂ ಸೆಂಟರನ್ನೂ ನಾನೇ ಸರಿಮಾಡಬೇಕಾಯಿತು. ಹೊರಗಿನ ಎರಡು ಗ್ರಹಗಳು ಸ್ಪಷ್ಟವಾಗಿ ಬಂದವು. ಮೂರನೆಯದು ಮಸುಕು ಮಸುಕು. ಒಳಗಿನ ನಾಲ್ಕನೆಯದರ ಜಾಗದಲ್ಲಿ ಏನೋ ಇದ್ದ ಹಾಗಿತ್ತು. ಕೋನ ಉಲ್ಟಾ ಮಾಡಿ ನೋಡಿದೆ. ಅಷ್ಟೇ ಗಟ್ಟಿಯ ಇನ್ನೆರಡು ಚುಕ್ಕಿಗಳು ಬೇರೆ ಕಡೆ ಎದ್ದವು. ನನ್ನ ಪಟ್ಟಿಯಲ್ಲಿ ಮೂರು ಅಂತಲೇ ಬರೆದುಕೊಂಡಿದ್ದೇನೆ, ಮೂರನೆಯದರ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿ.