ಸಂಜೆ ಹೋದರೆ ಕಾಣದ ಹೂವು

ಎರಡು ಮಳೆಗಾಲ ನಾನು ಬರೀ ಎಲೆಯ ಫೋಟೋ ತೆಗೆದುಕೊಂಡು ಮನೆಗೆ ಬಂದಿದ್ದೇನೆ. ಶಾಲೆ ಬಿಟ್ಟ ಮೇಲೆ, ನಾಲ್ಕೂವರೆಗೆ ಪದವು ಹತ್ತುತ್ತಿದ್ದೆ. ತಪ್ಪು ಅಲ್ಲೇ ಇತ್ತು.

ಪದವು ಎಂದರೆ ಏನೆಂದು ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ, ಚಪ್ಪಟೆ ಗುಡ್ಡ. ಬೇಸಿಗೆಯಲ್ಲಿ ಕಾಲಿಟ್ಟರೆ ಸುಡುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ತಗ್ಗುಗಳೆಲ್ಲ ನೀರು ತುಂಬಿ ಪಳ್ಳಗಳಾಗುತ್ತವೆ. ನಾನು ಹುಡುಕುತ್ತಿದ್ದದ್ದು ಅಂಥ ಪಳ್ಳದಲ್ಲಿ ಎಲೆ ತೇಲಿಸಿಕೊಂಡಿರುವ ಒಂದು ಗಿಡವನ್ನು. ಹೆಸರು ನಿಂಫಾಯ್ಡಿಸ್ ಕೃಷ್ಣಕೇಸರ. ಹೊಸ ಜಾತಿ ಎಂದು 1990ರಲ್ಲಿ ಜೋಸೆಫ್ ಮತ್ತು ಶಿವರಾಜನ್ ಇದಕ್ಕೆ ಹೆಸರಿಟ್ಟರು. ಲ್ಯಾಟಿನ್ ವೇಷ ಕಟ್ಟಿದ್ದರೂ ಹೆಸರಿನಲ್ಲಿ ಅರ್ಧ ನಮ್ಮದೇ ಮಾತು, ಅಲ್ವಾ? ಬಿಳಿ ಹೂವಿನ ನಡುವೆ ಕಪ್ಪು ಕೇಸರ.

ಎಲೆ ನೋಡಿ ಇದೇ ಅಂತ ಹೇಳುವ ಧೈರ್ಯ ನನಗಿಲ್ಲ. ಇದೇ ಕುಲದ ನಿಂಫಾಯ್ಡಿಸ್ ಇಂಡಿಕಾ ನಮ್ಮ ಕೆರೆಗಳಲ್ಲೂ ಇದೆ. ಅದರ ಬಿಳಿ ಎಸಳಿನ ಮೇಲೆಲ್ಲ ರೋಮ, ನಡುವೆ ಹಳದಿ. ಹೂವು ಸಿಕ್ಕರೆ ಗೊಂದಲವಿಲ್ಲ. ಆದರೆ ಹೂವೇ ಸಿಗಬೇಕಲ್ಲ!

ಪದವಿನಲ್ಲಿ ದನ ಮೇಯಿಸುವ ಅಕ್ಕ ಒಬ್ಬರು ನನ್ನನ್ನು ಸುಮಾರು ದಿನ ಸುಮ್ನೆ ನೋಡಿದರು. ಕೊನೆಗೆ ಕೇಳಿಯೇ ಬಿಟ್ಟರು: "ಬಾಡಿದ ಮೇಲೆ ಯಾಕೆ ಬರುವುದು ಮಾಷ್ಟ್ರೇ? ಬೆಳಿಗ್ಗೆ ದನ ಬಿಡುವಾಗ ಪಳ್ಳ ತುಂಬ ಬಿಳಿ ಇರ್ತದೆ."

ಮರು ಭಾನುವಾರ ಬೆಳಿಗ್ಗೆ ಎಂಟೂವರೆಗೇ ಹೋದೆ. ಇತ್ತು. ಕಿರುಬೆರಳ ಉಗುರಿನಷ್ಟು ಹೂವು. ನಿಂತು ನೋಡಿದರೆ ಬಿಳಿ ಚುಕ್ಕಿ, ಅಷ್ಟೇ. ಕೇಸರ ಕಾಣಬೇಕಾದರೆ ಒದ್ದೆ ಕಲ್ಲಿನ ಮೇಲೆ ಹೊಟ್ಟೆ ಅಡಿ ಹಾಕಿ ಮಲಗಲೇಬೇಕು. ಅಕ್ಕಿಚೀಲ ಹಾಸಿಕೊಂಡೆ. ಮೊಬೈಲನ್ನು ನೀರಿನ ಮಟ್ಟಕ್ಕೆ ಇಳಿಸಿ, ಬಿಸಿಲಿಗೆ ಕೊಡೆ ಅಡ್ಡ ಹಿಡಿದೆ. ಬಿಳಿ ಹೂವಿಗೆ ನೇರ ಬಿಸಿಲು ಬಿದ್ದರೆ ಫೋಟೋದಲ್ಲಿ ಎಸಳೆಲ್ಲ ಸುಣ್ಣ ಬಳಿದ ಹಾಗೆ ಆಗುತ್ತದೆ. ಅಳತೆಗೆ ಪಕ್ಕದಲ್ಲಿ ಬೆಂಕಿಕಡ್ಡಿ ತೇಲಿಬಿಟ್ಟೆ. ಅದು ಗಾಳಿಗೆ ಓಡುತ್ತಲೇ ಇತ್ತು, ಹತ್ತು ಸಲ ಹಿಡಿದು ತಂದೆ. ಮಧ್ಯಾಹ್ನದ ಹೊತ್ತಿಗೆ ಹೂವುಗಳು ಮುದುಡಿಯಾಗಿತ್ತು.

ಈಗ ಪ್ರತಿ ವರ್ಷ ಆಟಿ, ಅದರ ಮರು ತಿಂಗಳು ಸೋಣ, ಇವುಗಳ ಭಾನುವಾರಗಳಲ್ಲಿ ಅದೇ ಮೂರು ಪಳ್ಳ ನೋಡುತ್ತೇನೆ. ಎಷ್ಟು ಹೂವು, ನೀರು ಕಾಲಗಂಟಿಗೋ ಮೊಣಕಾಲಿಗೋ, ಕಲ್ಲಿನ ಕೋರೆ ಎಷ್ಟು ಹತ್ತಿರ ಬಂತು, ಇಷ್ಟು ಬರೆದಿಡುವುದು. ಗಿಡ ಕೀಳುವುದಿಲ್ಲ. ಓಣಂನ ಹೂವಿನ ರಂಗೋಲಿ ಪೂಕಳಕ್ಕೆ ಪಕ್ಕದಲ್ಲೇ ಕಾಕ್ಕಪ್ಪೂ ಎಂಬ ನೀಲಿ ಹೂವು ಕೊಯ್ಯಲು ಬರುವ ಮಕ್ಕಳಿಗೂ ಹೂವು ತೋರಿಸುತ್ತೇನೆ, ನೀರಿಗಿಳಿಯಲು ಬಿಡುವುದಿಲ್ಲ. ಗಿಡ, ಪ್ರಾಣಿಗಳ ಫೋಟೋ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ತಾಣಕ್ಕೆ ಫೋಟೋ ಹಾಕುವಾಗ, ಜನ ಹುಡುಕಿಕೊಂಡು ಬಂದು ಪಳ್ಳ ತುಳಿಯಬಾರದೆಂದು ಜಾಗವನ್ನು ಮರೆಮಾಡುತ್ತೇನೆ. ಯಾವ ಪದವು ಎಂದು ಇಲ್ಲಿ ಬರೆಯದೆ ಇದ್ದದ್ದೂ ಅದಕ್ಕೇ.

ಇನ್ನೊಂದು, ಕೆರೆಯಿಂದ ನೇರವಾಗಿ ಪಳ್ಳಕ್ಕೆ ಹೋಗುವುದಾದರೆ ಚಪ್ಪಲಿ ತೊಳೆದುಕೊಂಡೇ ಹೋಗಿ. ಕೆರೆಯ ಕಳೆಯ ಒಂದು ತುಂಡು ಅಂಟಿಕೊಂಡು ಬಂದರೂ ಸಾಕು, ಅಷ್ಟು ಸಣ್ಣ ಪಳ್ಳದಲ್ಲಿ ಅದೇ ತುಂಬಿಬಿಡುತ್ತದೆ.