ಅಲ್ಟ್ರಾಲೈಟ್‌ಗೆ ಕಂಟ್ರೋಲ್ ಕೇಬಲ್: ನಾನೇ ಮಾಡಿಕೊಂಡ ಬಗೆ

ನನ್ನದು ಒಂದೇ ಸೀಟಿನ ಅಲ್ಟ್ರಾಲೈಟ್. ಅಲ್ಯೂಮಿನಿಯಂ ಟ್ಯೂಬು, ಡೇಕ್ರಾನ್ ಬಟ್ಟೆ, ಹಿಂದೆ ಒಂದು ಟೂ-ಸ್ಟ್ರೋಕ್ ಎಂಜಿನ್, ಅಷ್ಟೇ. 1980ರ ದಶಕದಲ್ಲಿ ಇದನ್ನು ಕಿಟ್ ಮಾಡಿ ಮಾರಿದ ಕಂಪನಿ ಯಾವತ್ತೋ ಬಾಗಿಲು ಹಾಕಿದೆ. ಬಿಡಿಭಾಗ ಬೇಕು ಅಂದರೆ ಕೇಳೋದಕ್ಕೆ ಜನವೇ ಇಲ್ಲ. ಎಲಿವೇಟರ್, ಅಂದರೆ ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ, ಅದರ ಕೇಬಲ್ ಬದಲಿಸುವ ಕಾಲ ಬಂದಾಗ ನಾನೇ ಕೂತು ಮಾಡಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಹಾಗೆ ಮಾಡಿಕೊಳ್ಳಲು ಇಲ್ಲಿನ ಕಾನೂನಿನ ಅಡ್ಡಿಯೂ ಇಲ್ಲ. ನಾನಿರುವುದು ಅಮೆರಿಕದ ಓಹಾಯೋದಲ್ಲಿ. ಇಲ್ಲಿ 1982ರಲ್ಲಿ ಜಾರಿಗೆ ಬಂದ ‘ಪಾರ್ಟ್ 103’ ಎಂಬ ನಿಯಮದ ಪ್ರಕಾರ, ಎಂಜಿನ್ ಇರುವ ಅಲ್ಟ್ರಾಲೈಟ್‌ನ ಖಾಲಿ ತೂಕ 254 ಪೌಂಡಿಗಿಂತ, ಅಂದರೆ ಸುಮಾರು 115 ಕೆ.ಜಿ.ಗಿಂತ ಕಡಿಮೆ ಇರಬೇಕು. ಪೆಟ್ರೋಲ್ 5 ಗ್ಯಾಲನ್ ಮೀರಬಾರದು, ವೇಗ 55 ನಾಟ್ ದಾಟಬಾರದು, ಕೂರುವವರು ಒಬ್ಬರೇ. ಇಷ್ಟರೊಳಗಿದ್ದರೆ ಪೈಲಟ್ ಲೈಸೆನ್ಸೂ ಬೇಡ, ವಿಮಾನಕ್ಕೆ ಯೋಗ್ಯತಾ ಪತ್ರವೂ ಬೇಡ. ರಿಪೇರಿ ಮಾಡಿದವರು ಯಾರು ಅಂತ ಯಾರೂ ಸಹಿ ಕೇಳುವುದಿಲ್ಲ. ನನ್ನನ್ನು ಹೆಚ್ಚು ಹೆದರಿಸಿದ್ದು ಈ ಸ್ವಾತಂತ್ರ್ಯವೇ. ಸಹಿ ಹಾಕುವ ಮೆಕ್ಯಾನಿಕ್ ಇಲ್ಲ ಅಂದಮೇಲೆ ಅವನು ಮಾಡಬೇಕಾದ ಪರೀಕ್ಷೆಯೂ ನಮ್ಮ ತಲೆಗೇ ಬಂತಲ್ಲ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಪ್ರಕಟಿಸಿರುವ ಎಸಿ 43.13-1ಬಿ ಕೈಪಿಡಿಯ 7ನೇ ಅಧ್ಯಾಯದಲ್ಲಿ ಕೇಬಲ್ ವಿಷಯ ಪೂರ್ತಿ ಇದೆ, ಬಿಟ್ಟಿಯಾಗಿ ಸಿಗುತ್ತದೆ. ಪಾರ್ಟ್ 103ರವರು ಅದನ್ನು ಪಾಲಿಸಲೇಬೇಕು ಅಂತೇನಿಲ್ಲ. ನಾನು ಮಾತ್ರ ಅದರಿಂದ ಒಂದು ಹೆಜ್ಜೆಯೂ ಆಚೆ ಇಡಲಿಲ್ಲ.

ಹಳೆಯ ಕೇಬಲ್ ಕೆಟ್ಟಿದೆ ಅಂತ ಗೊತ್ತಾದದ್ದು ಒಂದು ಹತ್ತಿ ಬಟ್ಟೆಯಿಂದ. ಕೇಬಲ್ ಮೇಲೆ ಬಟ್ಟೆ ಸುತ್ತಿ ಉದ್ದಕ್ಕೂ ಎಳೆದುಕೊಂಡು ಹೋದರೆ, ಎಲ್ಲಿ ತಂತಿ ತುಂಡಾಗಿದೆಯೋ ಅಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಬೇಡಿ, ಸೂಜಿಗಿಂತ ಸಣ್ಣ ತಂತಿ ಚರ್ಮದೊಳಗೇ ಮುರಿಯುತ್ತದೆ. ನನ್ನದು ಸಿಕ್ಕಿಕೊಂಡದ್ದು ಸೀಟಿನ ಹಿಂದಿನ ಪುಲ್ಲಿಯ ಹತ್ತಿರ. ವಿಮಾನದ ಮೇಲೆ ಬಿಗಿಯಾಗಿರುವಾಗ ಕಣ್ಣಿಗೆ ಏನೂ ಕಾಣಲಿಲ್ಲ. ಕೇಬಲ್ ಬಿಚ್ಚಿ, ಆ ಜಾಗವನ್ನು ಅರ್ಧಚಂದ್ರದ ಹಾಗೆ ಬಾಗಿಸಿದ ಮೇಲೆ ಮುರಿದ ತುದಿಗಳು ಒಂದೊಂದಾಗಿ ಎದ್ದು ನಿಂತವು. ಪುಲ್ಲಿ, ಫೇರ್‌ಲೀಡ್ (ಕೇಬಲ್ ದಾರಿ ತಪ್ಪದಂತೆ ಹಿಡಿಯುವ ತೂತಿನ ತುಂಡು), ತುದಿಯ ಜೋಡಣೆ ಇವುಗಳ ಆಸುಪಾಸಿನಲ್ಲೇ ಕೇಬಲ್ ಸಾಯುವುದು, ನಡುವಿನ ಉದ್ದ ಬಹುತೇಕ ಹೊಸದರಂತೆಯೇ ಇರುತ್ತದೆ. ತಂತಿ ತುಂಡಾಗದಿದ್ದರೂ ಮೇಲ್ಮೈ ತಂತಿಗಳು ಅರ್ಧದಷ್ಟು ಸವೆದು ಒಂದಕ್ಕೊಂದು ಬೆರೆತು ನುಣ್ಣಗೆ ಹೊಳೆಯುತ್ತಿದ್ದರೆ ಅದೂ ಬದಲಿಸಬೇಕಾದ ಕೇಬಲ್ಲೇ.

ಕೇಬಲ್ ಆರಿಸುವಾಗ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು ಹೆಣಿಗೆ. ಪುಲ್ಲಿ ಮೇಲೆ ಓಡುವ ಕೇಬಲ್‌ಗೆ 7×19 ಬೇಕು: ಏಳು ಎಳೆ, ಒಂದೊಂದು ಎಳೆಯಲ್ಲಿ ಹತ್ತೊಂಬತ್ತು ತಂತಿ, ಒಟ್ಟು 133. ತಂತಿ ತೆಳುವಾದಷ್ಟೂ ಬಾಗುವಿಕೆ ಸಲೀಸು. 7×7 ಅಷ್ಟು ಬಾಗುವುದಿಲ್ಲ, 1×19 ಅಂತೂ ಸರಳಿನ ಹಾಗೆ, ಅದು ಅಲುಗಾಡದ ಜಾಗಕ್ಕೆ. ಎರಡನೆಯದು ಲೋಹ. 1/8 ಇಂಚಿನ ಗ್ಯಾಲ್ವನೈಸ್ಡ್ (ಸತು ಲೇಪಿಸಿದ ಉಕ್ಕಿನ) 7×19 ಕೇಬಲ್ ತುಂಡಾಗುವ ಭಾರ 2000 ಪೌಂಡು, ಅದೇ ಅಳತೆಯ ಸ್ಟೇನ್‌ಲೆಸ್‌ನದು 1760. ‘ಸ್ಟೇನ್‌ಲೆಸ್ ಅಂದರೆ ಗಟ್ಟಿ’ ಅಂದುಕೊಂಡವರಿಗೆ ಇದು ತಲೆಕೆಳಗು ಅನ್ನಿಸಬಹುದು. ಸಮುದ್ರದ ಹತ್ತಿರ ಇರುವವರು ತುಕ್ಕಿಗೆ ಹೆದರಿ ಸ್ಟೇನ್‌ಲೆಸ್ ಹಾಕಿಕೊಳ್ಳಲಿ. ನನ್ನ ವಿಮಾನ ಒಣ ಹ್ಯಾಂಗರಿನಲ್ಲಿರುತ್ತದೆ, ಮೊದಲಿದ್ದದ್ದೂ 1/8ರ ಗ್ಯಾಲ್ವನೈಸ್ಡೇ. ಅದನ್ನೇ ತರಿಸಿದೆ. ಮಿಲ್-ಡಿಟಿಎಲ್-83420 (ಹಿಂದೆ ಮಿಲ್-ಡಬ್ಲ್ಯೂ-83420) ಎಂಬ ಸೇನಾ ಮಾನದಂಡದ ಕೇಬಲ್ ಅಂತ ಬಿಲ್ಲಿನಲ್ಲೇ ಬರೆದಿರಬೇಕು. ಹಾರ್ಡ್‌ವೇರ್ ಅಂಗಡಿಯ ರೀಲಿನ ಮೇಲೂ ‘ಏರ್‌ಕ್ರಾಫ್ಟ್ ಕೇಬಲ್’ ಎಂಬ ಚೀಟಿ ಇರುತ್ತದೆ, ಅದು ಗ್ಯಾರೇಜ್ ಬಾಗಿಲಿಗೆ. ಮೇಲೆ ಪ್ಲಾಸ್ಟಿಕ್ ಹೊದಿಸಿದ ಕೇಬಲ್ಲೂ ಬೇಡ. ನೋಡಲು ಅಂದ, ಒಳಗೆ ತುಕ್ಕು ಹಿಡಿದರೂ ತಿಳಿಯುವುದಿಲ್ಲ.

ತುದಿಯ ಕಣ್ಣು, ಅಂದರೆ ಪಿನ್ನು ಸೇರುವ ಕುಣಿಕೆ, ಮಾಡುವುದು ನೈಕೋಪ್ರೆಸ್ ಸ್ಲೀವ್‌ನಿಂದ. ತಾಮ್ರದ ಅಂಡಾಕಾರದ ಪುಟ್ಟ ಕೊಳವೆ ಅದು. ತಯಾರಿಸುವುದು ಇದೇ ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ ಹುಟ್ಟಿದ ನ್ಯಾಷನಲ್ ಟೆಲಿಫೋನ್ ಸಪ್ಲೈ ಕಂಪನಿ. ಹೆಸರೇ ಹೇಳುವಂತೆ ಅವರ ಮೂಲ ಕಸುಬು ಟೆಲಿಫೋನ್ ತಂತಿಗೆ ಸಂಬಂಧಪಟ್ಟದ್ದು. ಗ್ಯಾಲ್ವನೈಸ್ಡ್ ಕೇಬಲ್‌ಗೆ ಬರಿ ತಾಮ್ರ, ಸ್ಟೇನ್‌ಲೆಸ್‌ಗೆ ಲೇಪನ ಮಾಡಿದ ತಾಮ್ರ. 1/8ಕ್ಕೆ ಸ್ಲೀವ್ ನಂಬರ್ 18-3-ಎಂ, ಒತ್ತುವ ಉಪಕರಣ 51-ಎಂ-850. ಆ ಉದ್ದ ಕೈಗಳ ಉಪಕರಣ ದುಬಾರಿ. ಎರಡು ಬೋಲ್ಟ್ ಬಿಗಿಮಾಡಿ ಒತ್ತುವ ಅಗ್ಗದ್ದೂ ಸಿಗುತ್ತದೆ. ಎರಡು ಬೋಲ್ಟನ್ನೂ ಕಾಲು ಕಾಲು ಸುತ್ತು ಸಮನಾಗಿ ತಿರುಗಿಸುತ್ತ, ಎರಡು ಪಟ್ಟಿಗಳು ಕೂಡುವವರೆಗೆ ಹೋದರೆ ಅದರ ಒತ್ತೂ ಚೆನ್ನಾಗಿಯೇ ಬರುತ್ತದೆ. ನಾನು ಬಳಸಿದ್ದು ಅದನ್ನೇ. ವರ್ಷಕ್ಕೊಮ್ಮೆ ನಾಲ್ಕು ಕಣ್ಣು ಮಾಡುವವನಿಗೆ ಅದು ಸಾಕು. ಆದರೆ ಗೇಜ್ ಮಾತ್ರ ಬಿಡಬೇಡಿ, ಅದರ ಮಾತು ಮುಂದೆ ಬರುತ್ತದೆ. ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಅಲ್ಯೂಮಿನಿಯಂ ಸ್ಲೀವ್‌ಗಳನ್ನು ವಿಮಾನದ ಹತ್ತಿರವೂ ತರಬೇಡಿ.

ಇನ್ನು ಅಳತೆ. ಎಲ್ಲರೂ ಒತ್ತುವುದನ್ನೇ ದೊಡ್ಡ ಕೆಲಸ ಅಂದುಕೊಳ್ಳುತ್ತಾರೆ, ನನ್ನ ಹೆಚ್ಚಿನ ಹೊತ್ತು ಹೋದದ್ದು ಅಳತೆಗೆ. ಹಳೆಯ ಕೇಬಲನ್ನು ಪಕ್ಕದಲ್ಲಿಟ್ಟು ಕತ್ತರಿಸಿದರೆ ಆಯಿತಲ್ಲ ಅನ್ನಬಹುದು. ಆದರೆ ಹಳೆಯದು ವರ್ಷಗಟ್ಟಲೆ ಎಳೆತ ತಿಂದು ಉದ್ದವಾಗಿದೆ, ಅದನ್ನು ಹಾಕಿದವರು ಟರ್ನ್‌ಬಕಲನ್ನು (ಕೇಬಲ್‌ನ ಬಿಗಿ ಹೊಂದಿಸುವ ತಿರುಪು) ಎಷ್ಟು ತಿರುಗಿಸಿದ್ದರೋ ದೇವರಿಗೇ ಗೊತ್ತು. ಅಳೆಯಬೇಕಾದದ್ದು ಕೇಬಲ್ ತುದಿಯಿಂದ ತುದಿಗೂ ಅಲ್ಲ. ಒಂದು ಥಿಂಬಲ್‌ನ (ಕಣ್ಣಿನೊಳಗೆ ಕೂರುವ ಲೋಹದ ತೋಡು) ಒಳಬಾಗಿನಿಂದ ಇನ್ನೊಂದರ ಒಳಬಾಗಿಗೆ, ಎಂದರೆ ಪಿನ್ನು ತಾಗುವ ಜಾಗಗಳ ನಡುವೆ.

ಮೊದಲು ಸ್ಟಿಕ್ಕನ್ನು, ಅಂದರೆ ವಿಮಾನ ನಡೆಸುವ ಹಿಡಿಯನ್ನು, ನಡುಮಧ್ಯೆ ನಿಲ್ಲಿಸಿ ಕಟ್ಟಿದೆ. ಎಲಿವೇಟರ್‌ಗೆ ಮೇಲೊಂದು ಕೆಳಗೊಂದು ಮರದ ಪಟ್ಟಿ ಇಟ್ಟು, ಕ್ಲ್ಯಾಂಪ್ ಹಾಕಿ, ಬಾಲದ ಅಲುಗದ ಭಾಗವಾದ ಸ್ಟೆಬಿಲೈಸರ್‌ನ ನೇರಕ್ಕೆ ತಂದೆ. ಟರ್ನ್‌ಬಕಲನ್ನು ಅರ್ಧ ಬಿಚ್ಚಿ ಇಟ್ಟೆ, ಆಮೇಲೆ ಬಿಗಿಮಾಡಲೂ ಸಡಿಲಿಸಲೂ ಎಡೆ ಇರಲಿ ಅಂತ. ಕೇಬಲ್‌ನ ಒಂದು ಕಣ್ಣನ್ನು ಬೆಂಚಿನ ಮೇಲೆ ಪೂರ್ತಿ ಮುಗಿಸಿ, ಅದನ್ನು ಎಲಿವೇಟರ್‌ನಿಂದ ಚಾಚಿದ ಹಾರ್ನ್ ಎಂಬ ತೋಳಿಗೆ ಸಿಕ್ಕಿಸಿ, ಪುಲ್ಲಿ, ಫೇರ್‌ಲೀಡ್‌ಗಳ ಮೂಲಕ ಮುಂದಕ್ಕೆ ತಂದೆ. ಈ ಕ್ರಮ ತಪ್ಪಬಾರದು, ಎರಡು ಕಣ್ಣೂ ಮಾಡಿದ ಕೇಬಲ್ ಫೇರ್‌ಲೀಡಿನ ತೂತಿನಲ್ಲಿ ತೂರುವುದಿಲ್ಲ. ಮುಂದಿನ ತುದಿಯನ್ನು ಥಿಂಬಲ್ ಸುತ್ತ ತಿರುಗಿಸಿ, ತಾತ್ಕಾಲಿಕವಾಗಿ ಒಂದು ನಟ್-ಬೋಲ್ಟ್ ಕ್ಲ್ಯಾಂಪಿನಿಂದ ಹಿಡಿಸಿ, ಹದವಾಗಿ ಎಳೆದು, ಸ್ಲೀವ್ ಎಲ್ಲಿ ಕೂರಬೇಕೋ ಅಲ್ಲಿ ಮಾರ್ಕರ್‌ನಿಂದ ಗೆರೆ ಹಾಕಿದೆ. ಮೇಲಿನ ಹಾರ್ನ್‌ನ ಕೇಬಲ್ಲೂ ಕೆಳಗಿನದೂ ಒಂದೇ ಉದ್ದವಲ್ಲ, ಎರಡಕ್ಕೂ ಬಣ್ಣದ ದಾರ ಕಟ್ಟಿ ಗುರುತಿಟ್ಟೆ. ಕ್ಲ್ಯಾಂಪ್ ಕಚ್ಚಿದ ಭಾಗ ನಲುಗಿರುತ್ತದೆ, ಅದು ಆಮೇಲೆ ಕತ್ತರಿಸಿ ಬಿಸಾಡುವ ಬಾಲದಲ್ಲೇ ಬರುವಂತೆ ನೋಡಿಕೊಳ್ಳಬೇಕು.

ಕತ್ತರಿಸಲು ಕೇಬಲ್ ಕಟ್ಟರ್ ಬೇಕೇ ಬೇಕು. ಮಾಮೂಲಿ ಇಕ್ಕಳದಲ್ಲಿ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಎಳೆಗಳು ಕೆದರುತ್ತವೆ. ಗ್ಯಾಸ್ ಬೆಂಕಿಯಿಂದ ಕತ್ತರಿಸುವುದಂತೂ ಕೂಡದು, ಕಾವು ತಗುಲಿದಷ್ಟು ದೂರ ಉಕ್ಕಿನ ಬಲ ಹೋಗುತ್ತದೆ. ತುದಿ ಶುಭ್ರವಾಗಿದ್ದರೆ, ಹೆಣೆದ ದಿಕ್ಕಿಗೇ ತುಸು ಹುರಿ ಮಾಡುತ್ತ ಒಳತೂರಿಸಿದರೆ ಸ್ಲೀವ್ ಸಲೀಸಾಗಿ ಏರುತ್ತದೆ.

ಈಗ ಕಣ್ಣು. ಮೊದಲು ಸ್ಲೀವ್ ಒಳಗೆ ಕೇಬಲ್ ತೂರಿಸಿ, ಎಎನ್100-4 ಥಿಂಬಲ್‌ನ ತೋಡಿನಲ್ಲಿ ಸುತ್ತಿ, ಬಾಲವನ್ನು ಅದೇ ಸ್ಲೀವ್‌ನ ಇನ್ನೊಂದು ಪಕ್ಕದಲ್ಲಿ ವಾಪಸ್ ತರಬೇಕು. ಟರ್ನ್‌ಬಕಲ್‌ನ ತುದಿ ಎಎನ್170 ಥರದ ಮುಚ್ಚಿದ ಕಣ್ಣಾಗಿದ್ದರೆ ಥಿಂಬಲನ್ನು ತುಸು ಅಗಲಿಸಿ ಅದರೊಳಗೆ ಮೊದಲೇ ಪೋಣಿಸಿಕೊಳ್ಳಬೇಕು, ಒತ್ತಿಯಾದ ಮೇಲೆ ಅದು ಆಗದ ಮಾತು. ಥಿಂಬಲ್‌ನ ಎರಡು ಚೂಪು ಮೂತಿಗಳನ್ನು ನಾನು ಸ್ವಲ್ಪ ಕತ್ತರಿಸಿ ಅರದಿಂದ ಉಜ್ಜಿದೆ. ಇಲ್ಲದಿದ್ದರೆ ಅವು ಕೇಬಲ್‌ಗೇ ಚುಚ್ಚುತ್ತವೆ, ಸ್ಲೀವ್ ಹತ್ತಿರ ಕೂರುವುದಕ್ಕೂ ಬಿಡುವುದಿಲ್ಲ. ಬಾಲ ಸ್ಲೀವ್‌ನಿಂದ 1/8 ಇಂಚಿನಷ್ಟು ಹೊರಗೆ ಇಣುಕುತ್ತಿರಲಿ. ಒತ್ತಿದಾಗ ತಾಮ್ರ ಉದ್ದಕ್ಕೆ ಹರಿದು, 9/16 ಇಂಚಿನ ಸ್ಲೀವ್ ಸುಮಾರು 3/4 ಆಗುತ್ತದೆ. ಬಾಲ ಗಿಡ್ಡವಾಗಿದ್ದರೆ ಅದರೊಳಗೇ ಅಡಗಿಬಿಡುತ್ತದೆ, ಆಮೇಲೆ ಒಳಗೆ ಎಷ್ಟಿದೆ ಅಂತ ನೋಡಿ ಹೇಳುವಂತಿಲ್ಲ.

1/8ರ ಸ್ಲೀವ್‌ಗೆ ಮೂರು ಒತ್ತು. ಮೊದಲು ನಡುವೆ, ಆಮೇಲೆ ಥಿಂಬಲ್ ಪಕ್ಕದ್ದು, ಕೊನೆಗೆ ಬಾಲದ ಪಕ್ಕದ್ದು. 3/32 ಇಂಚಿನ ಕೇಬಲ್ ಆದರೆ ಒಂದೇ ಒತ್ತು ಸಾಕು. ಸ್ಲೀವ್ ಉಪಕರಣದ ಬಾಯಿಗೆ ನೆಟ್ಟಗೆ ಕೂರಬೇಕು, ಓರೆಯಾದರೆ ಬಿಲ್ಲಿನಂತೆ ಬಾಗುತ್ತದೆ. ಬಾಗಿದ್ದನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡುವ ಆಸೆ ಬೇಡ, ಕತ್ತರಿಸಿ ಎಸೆಯಿರಿ. ಒಂದು ಸ್ಲೀವ್‌ನ ಬೆಲೆಗೆ ಕಾಫಿಯೂ ಬರುವುದಿಲ್ಲ.

ಒತ್ತಿದ ಮೇಲೆ ಗೇಜ್. ಅದೊಂದು ಕಚ್ಚುಗಳಿರುವ ಉಕ್ಕಿನ ತಗಡು. ಕೇಬಲ್ ಅಳತೆಗೆ ತಕ್ಕ ಕಚ್ಚು ಮೂರು ಒತ್ತುಗಳ ಮೇಲೂ ಸಲೀಸಾಗಿ ಜಾರಬೇಕು. ಜಾರದಿದ್ದರೆ ಒತ್ತು ಸಾಲದು ಅಂತ ಅರ್ಥ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಗೇಜ್ ಬೇಕೆಂದದ್ದು. ಜಾರಿತು ಅಂದಮೇಲೆ ಬಾಲದ ತುದಿಗೂ ಸ್ಲೀವ್‌ಗೂ ಸೇರುವಂತೆ ಒಂದು ಚುಕ್ಕೆ ಕೆಂಪು ಬಣ್ಣ, ಆಚೆ ತುದಿಯಲ್ಲಿ ಕೇಬಲ್‌ಗೂ ಸ್ಲೀವ್‌ಗೂ ಇನ್ನೊಂದು ಚುಕ್ಕೆ. ಕೇಬಲ್ ಕೂದಲೆಳೆಯಷ್ಟು ಜಾರಿದರೂ ಬಣ್ಣ ಬಿರುಕು ಬಿಡುತ್ತದೆ.

ಇಷ್ಟಾದ ಮೇಲೆ ಎಳೆತದ ಪರೀಕ್ಷೆ. ಮನೆಯಲ್ಲಿ ಮಾಡಿಕೊಳ್ಳುವ ಎಷ್ಟೋ ಜನ ಇದನ್ನು ಹಾರಿಸಿಬಿಡುತ್ತಾರೆ, ನನ್ನ ಪ್ರಕಾರ ಇಡೀ ಕೆಲಸದ ಜೀವ ಇದು. ಕೈಪಿಡಿ ಹೇಳುವುದು: ತುಂಡಾಗುವ ಭಾರದ ಶೇ. 60ರಷ್ಟನ್ನು ನಿಧಾನವಾಗಿ ಹೇರಿ ಮೂರು ನಿಮಿಷ ನಿಲ್ಲಿಸಬೇಕು. 2000 ಪೌಂಡಿಗೆ 1200, ಅಂದರೆ ಸುಮಾರು 545 ಕೆ.ಜಿ. ಅಷ್ಟು ಭಾರ ನೇತುಹಾಕಲು ಎಲ್ಲಿಂದ ತರೋಣ? ದಪ್ಪ ಮರದ ತೊಲೆಯೊಂದನ್ನು ನೆಲದ ಮೇಲೆ ಮಲಗಿಸಿ, ಒಂದು ತುದಿಗೆ ಗಟ್ಟಿ ಕೊಕ್ಕೆ, ಇನ್ನೊಂದು ತುದಿಗೆ ಕೈಯಲ್ಲಿ ಎಳೆಯುವ ರ್‍ಯಾಚೆಟ್ ಪುಲ್ಲರ್ ಕೂರಿಸಿದೆ. ಇವೆರಡರ ನಡುವೆ ಕೇಬಲ್ ಮತ್ತು ಒಂದು ಟನ್ ತೂಗುವ ಡಿಜಿಟಲ್ ತಕ್ಕಡಿ. ಎಳೆತವೆಲ್ಲ ತೊಲೆಯೊಳಗೇ ಉಳಿಯುವುದರಿಂದ ಹ್ಯಾಂಗರ್ ಕಂಬಕ್ಕೋ ಕಾರಿನ ಬಂಪರ್‌ಗೋ ಕಟ್ಟುವ ಪ್ರಮೇಯವಿಲ್ಲ. ಅಷ್ಟು ಬಿಗಿದ ಕೇಬಲ್ ಕಳಚಿದರೆ ಮೂಳೆ ಮುರಿಯಬಲ್ಲದು. ಉದ್ದಕ್ಕೂ ಹಳೆಯ ಕಂಬಳಿ ಹೊದಿಸಿ, ಕನ್ನಡಕ ಹಾಕಿಕೊಂಡು, ನೇರಕ್ಕೆ ನಿಲ್ಲದೆ ಪಕ್ಕಕ್ಕೆ ಸರಿದು ಹಿಡಿ ಎಳೆದೆ.

ನಮ್ಮಾಕೆ ಬಂದು ಕಂಬಳಿ ಹೊದ್ದ ತೊಲೆ ನೋಡಿ, “ಏನ್ರೀ ಇದು, ಬಟ್ಟೆ ಒಣಗಿಸೋ ತಂತಿಗೆ ಇಷ್ಟೆಲ್ಲ ಉಪಚಾರ!” ಅಂದಳು. ಹೊತ್ತು ನೋಡುವ ಕೆಲಸ ಅವಳಿಗೇ ವಹಿಸಿದೆ.

ಮೊದಲು ಎಳೆದದ್ದು ಅದೇ ಕೇಬಲ್‌ನ ಒಂದು ಗಿಡ್ಡ ತುಂಡು, ಎರಡು ಕಡೆ ಕಣ್ಣು ಮಾಡಿದ ಮಾದರಿ. ಅದು ಗೆದ್ದ ಮೇಲೆ ನಿಜವಾದವು. ಎಳೆತ ಏರುತ್ತ ಹೋದಂತೆ ಒಂದು ವಿಚಿತ್ರ ಕಂಡಿತು: 1200ಕ್ಕೆ ನಿಲ್ಲಿಸಿದರೂ ತಕ್ಕಡಿಯ ಅಂಕಿ ತಾನಾಗಿ ಇಳಿಯತೊಡಗಿತು. ಕಣ್ಣು ಜಾರುತ್ತಿಲ್ಲ, ಬಣ್ಣದ ಚುಕ್ಕೆ ಹಾಗೇ ಇದೆ. ಹೊಸ ಕೇಬಲ್‌ನ ಎಳೆಗಳು ಒಂದರ ಮೇಲೊಂದು ಒತ್ತಿ ಕೂರುತ್ತ ಕೇಬಲ್ ತುಸು ಉದ್ದವಾಗುವುದು ಹೀಗೆ, ಜೊತೆಗೆ ಮರವೂ ಒಂದಿಷ್ಟು ತಗ್ಗುತ್ತದೆ. ಮತ್ತೆ ಎರಡು ಹಲ್ಲು ಎಳೆದು ಅಂಕಿ ನಿಂತ ಮೇಲೆ ಮೂರು ನಿಮಿಷ ಎಣಿಸಲು ಹೇಳಿದೆ. ಈ ಉದ್ದವಾಗುವಿಕೆ ತೊಲೆಯ ಮೇಲೇ ಮುಗಿದರೆ ಲಾಭ. ಇಲ್ಲದಿದ್ದರೆ ಅದು ವಿಮಾನದಲ್ಲಿ ನಡೆದು ಸ್ಟಿಕ್ಕು ಸಡಿಲವಾಗುತ್ತದೆ.

ಜೋಡಿಸುವಾಗ ಬಿಗಿ ಎಷ್ಟಿರಬೇಕು ಅಂತ ನನ್ನ ವಿಮಾನದ ಪುಸ್ತಕದಲ್ಲಿ ಇಲ್ಲ. ಜೋತಾಡಬಾರದು, ಸ್ಟಿಕ್ಕು ಭಾರವಾಗಲೂ ಬಾರದು. ಒಂದು ಲೆಕ್ಕ ಮಾತ್ರ ನೆನಪಿಡಿ: ಶಾಖಕ್ಕೆ ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು. ನಾಲ್ಕು ಮೀಟರ್ ಉದ್ದದಲ್ಲಿ 30 ಡಿಗ್ರಿ ಸೆಲ್ಸಿಯಸ್ ಇಳಿದರೆ ಫ್ರೇಮು ಕೇಬಲ್‌ಗಿಂತ ಒಂದು ಮಿಲಿಮೀಟರಿಗೂ ಹೆಚ್ಚು ಕುಗ್ಗುತ್ತದೆ. ಜುಲೈ ಬಿಸಿಲಲ್ಲಿ ಹದವಾಗಿದ್ದ ಕೇಬಲ್ ಓಹಾಯೋದ ಡಿಸೆಂಬರಿನಲ್ಲಿ ಸಡಿಲ. ಟರ್ನ್‌ಬಕಲ್‌ನ ಬ್ಯಾರೆಲ್ ಹೊರಗೆ ತಿರುಪಿನ ಮೂರಕ್ಕಿಂತ ಹೆಚ್ಚು ಸುತ್ತು ಕಾಣಬಾರದು, ಆಮೇಲೆ ಸೇಫ್ಟಿ ವೈರ್ ಹಾಕಿ ತುದಿಗೆ ನಾಲ್ಕು ಸುತ್ತು ಸುತ್ತಬೇಕು.

ಕೇಬಲ್ ಬದಲಿಸಿದ ವಿಮಾನಗಳಲ್ಲಿ ಜನ ಸತ್ತಿರುವುದು ಕೇಬಲ್ ತುಂಡಾಗಿ ಮಾತ್ರವಲ್ಲ, ಅದಲುಬದಲಾಗಿ ಜೋಡಿಸಿಯೂ ಹೌದು. ಮೇಲಿನ ಹಾರ್ನ್‌ನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ ಹೋದರೆ ಸ್ಟಿಕ್ಕು ಎಷ್ಟು ನಯವಾಗಿ ಚಲಿಸಿದರೂ ಮೂಗು ಮೇಲೇರಬೇಕಾದಾಗ ನೆಲ ನೋಡುತ್ತದೆ. ನಾನು ಸೀಟಿನಲ್ಲಿ ಕೂತು ಸ್ಟಿಕ್ಕು ಹಿಂದಕ್ಕೆ ಎಳೆದೆ, ನಮ್ಮಾಕೆ ಬಾಲದ ಹತ್ತಿರ ನಿಂತು “ಹಿಂದಿನ ಅಂಚು ಮೇಲೆ ಬಂತು” ಅಂದಳು. ಮುಂದಕ್ಕೆ ತಳ್ಳಿದೆ, “ಕೆಳಗೆ ಹೋಯ್ತು.” ‘ಸರಿಯಾಗಿದೆಯಾ?’ ಅಂತ ಕೇಳಬಾರದು, ಏನು ಕಾಣುತ್ತದೋ ಅದನ್ನು ಅವರ ಬಾಯಲ್ಲೇ ಹೇಳಿಸಬೇಕು. ಮೊದಲ ಕೆಲವು ಹಾರಾಟಗಳ ಬಳಿಕ ಬಣ್ಣದ ಚುಕ್ಕೆ, ಬಿಗಿ, ಪುಲ್ಲಿ ಮೂರನ್ನೂ ಮತ್ತೆ ನೋಡಿದೆ. ಟರ್ನ್‌ಬಕಲ್‌ಗೆ ಅರ್ಧ ಸುತ್ತು ಬೇಕಾಯಿತು. ಅಂದಹಾಗೆ ಹಳೆಯ ಪುಲ್ಲಿಯನ್ನೂ ಬದಲಿಸಿದ್ದೆ, ಅದರ ಬೇರಿಂಗ್ ಬಿಗಿಹಿಡಿದು ತಿರುಗದಿದ್ದದ್ದೇ ಕೇಬಲನ್ನು ತಿಂದದ್ದು.

ರೆಕ್ಕೆಯನ್ನು ಹಿಡಿದಿರುವ ತಂತಿಗಳಿವೆಯಲ್ಲ, ಅವನ್ನು ನಾನು ಮಾಡುವುದಿಲ್ಲ. ಅವೂ ಕೇಬಲ್ಲೇ, ಅದೇ ಸ್ಲೀವ್, ಅದೇ ಉಪಕರಣ. ಆದರೆ ಎಲಿವೇಟರ್ ಕೇಬಲ್ ಹೋದರೆ ಥ್ರಾಟಲ್ ಆಡಿಸಿಯಾದರೂ ಇಳಿಯುವ ಒಂದು ಆಸೆ ಉಂಟು, ರೆಕ್ಕೆಯ ತಂತಿ ಹೋದರೆ ರೆಕ್ಕೆಯೇ ಮಡಚುತ್ತದೆ. ಅವನ್ನು ಇದನ್ನೇ ಕಸುಬು ಮಾಡಿಕೊಂಡವರ ಹತ್ತಿರ ಹಳೆಯದನ್ನು ಕಳಿಸಿ ಮಾಡಿಸಿಕೊಳ್ಳುತ್ತೇನೆ. ಬಂದ ಮೇಲೆ ಅದೇ ತೊಲೆಯ ಮೇಲೆ ಎಳೆದೇ ಹಾಕುವುದು.

ಬೆಂಗಳೂರಿನ ಕಡೆಯವರಿಗೆ ಒಂದು ಮಾತು: ಜಕ್ಕೂರಿನಲ್ಲಿ ಕಾಣುವ ಮೈಕ್ರೋಲೈಟ್‌ಗಳಿಗೆ ಇಲ್ಲಿನ ಪಾರ್ಟ್ 103 ಅನ್ವಯಿಸುವುದಿಲ್ಲ. ಅಲ್ಲಿ ಭಾರತದ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ನೋಂದಣಿ ಇರುತ್ತದೆ, ಕೇಬಲ್ ಮುಟ್ಟುವವರಿಗೂ ಅಧಿಕಾರ ಇರಬೇಕು. ಗಿಡ್ಡ ತುಂಡಿನ ಮೇಲೆ ಕಣ್ಣು ಮಾಡಿ ಎಳೆದು ನೋಡಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ.